ಮೊದಲು ಡಿಸಿ, ಆಮೇಲೆ ಎಸಿ

ಲ್ಯಾಬಿನಲ್ಲಿ ಕಾಮನ್ ಎಮಿಟರ್ ಆಂಪ್ಲಿಫೈಯರ್ ಕಟ್ಟಿದಾಗ ನಮ್ಮಲ್ಲಿ ಬಹಳ ಜನಕ್ಕೆ ಆಗುವ ಅನುಭವ ಒಂದೇ: ಲೆಕ್ಕದಲ್ಲಿ ಗೇನ್ 165, ಸಿಆರ್‌ಓದಲ್ಲಿ 120ರ ಆಸುಪಾಸು. ಆಗ ರೀಡಿಂಗ್ ತಿದ್ದಿ ರೆಕಾರ್ಡ್ ಬರೆಯೋ ಆಸೆ ಆಗುತ್ತೆ. ಅದಕ್ಕೂ ಮುಂಚೆ ಲೆಕ್ಕವನ್ನೇ ಇನ್ನೊಮ್ಮೆ ನೋಡೋಣ.

ನಮ್ಮ ಸರ್ಕ್ಯೂಟ್: ಬಿಸಿ 547, ಸಪ್ಲೈ 12 ವೋಲ್ಟ್, ಬೇಸ್ ಡಿವೈಡರ್ 47 ಕಿಲೋ ಓಮ್ ಮತ್ತು 10 ಕಿಲೋ ಓಮ್, ಕಲೆಕ್ಟರ್‌ಗೆ 3.3 ಕಿಲೋ ಓಮ್, ಎಮಿಟರ್‌ಗೆ 1 ಕಿಲೋ ಓಮ್, ಅದರ ಪಕ್ಕ ಬೈಪಾಸ್ ಕೆಪಾಸಿಟರ್. ಜನರೇಟರ್ ಜೊತೆ ಸೀರೀಸ್‌ನಲ್ಲಿ 1 ಕಿಲೋ ಓಮ್. ಔಟ್‌ಪುಟ್‌ಗೆ ಲೋಡ್ ಇಲ್ಲ.

ಹೆಜ್ಜೆ 1: ಸಿಗ್ನಲ್ ತೆಗೆದು ಡಿಸಿ ಮಾತ್ರ ನೋಡಿ. ಬೇಸ್ ಕರೆಂಟನ್ನೂ ಲೆಕ್ಕಕ್ಕೆ ಹಿಡಿದರೆ ಎಮಿಟರ್‌ನಲ್ಲಿ ಸುಮಾರು 1.3 ವೋಲ್ಟ್. ಅಂದರೆ ಕಲೆಕ್ಟರ್ ಕರೆಂಟ್ ಸುಮಾರು 1.3 ಮಿಲಿ ಆಂಪ್. ಮಲ್ಟಿಮೀಟರ್ ಇಟ್ಟು ಇದನ್ನು ಖಚಿತ ಮಾಡಿಕೊಳ್ಳಬಹುದು.

ಹೆಜ್ಜೆ 2: ಕಲೆಕ್ಟರ್ ಕರೆಂಟನ್ನು ಥರ್ಮಲ್ ವೋಲ್ಟೇಜ್‌ನಿಂದ, ಅಂದರೆ ಕೋಣೆಯ ಉಷ್ಣತೆಯಲ್ಲಿ ಸುಮಾರು 26 ಮಿಲಿ ವೋಲ್ಟ್‌ನಿಂದ, ಭಾಗಿಸಿ. ಸಿಗುವುದೇ ಟ್ರಾನ್ಸ್‌ಕಂಡಕ್ಟೆನ್ಸ್, ಜಿಎಂ: 50 ಮಿಲಿ ಸೀಮೆನ್ಸ್. ಇದರಲ್ಲಿ ಬೀಟಾ ಇಲ್ಲ, ಗಮನಿಸಿ.

ಹೆಜ್ಜೆ 3: ಬೀಟಾವನ್ನು ಜಿಎಂನಿಂದ ಭಾಗಿಸಿದರೆ ಆರ್-ಪೈ. ಬೀಟಾ 200 ಆದರೆ 4 ಕಿಲೋ ಓಮ್.

ಹೆಜ್ಜೆ 4: ಬೇಸ್‌ನಿಂದ ಕಲೆಕ್ಟರ್‌ಗೆ ಗೇನ್ ಅಂದರೆ ಜಿಎಂ ಗುಣಿಸು 3.3 ಕಿಲೋ ಓಮ್, 165. ಫೇಸ್ ಉಲ್ಟಾ ಆಗುವುದರಿಂದ ಮೈನಸ್ ಚಿಹ್ನೆ.

ಹಾಗಾದರೆ 120 ಎಲ್ಲಿಂದ ಬಂತು? ಆರ್-ಪೈ ಜೊತೆ ಡಿವೈಡರ್‌ನ ಎರಡೂ ರೆಸಿಸ್ಟರ್ ಪ್ಯಾರಲಲ್ ಇವೆ. ಇನ್‌ಪುಟ್ ರೆಸಿಸ್ಟೆನ್ಸ್ ಸುಮಾರು 2.7 ಕಿಲೋ ಓಮ್ ಅಷ್ಟೇ. ಸೀರೀಸ್‌ನ 1 ಕಿಲೋ ಓಮ್‌ನಲ್ಲಿ ಸಿಗ್ನಲ್‌ನ ಕಾಲು ಭಾಗಕ್ಕಿಂತ ಹೆಚ್ಚು ಬಿದ್ದುಹೋಗುತ್ತೆ. 165ನ್ನು 2.7ರಿಂದ ಗುಣಿಸಿ 3.7ರಿಂದ ಭಾಗಿಸಿ: 120! ಸಿಆರ್‌ಓ ಸುಳ್ಳು ಹೇಳಿರಲಿಲ್ಲ. ಪಕ್ಕದ ಬೆಂಚಿನವರ ಟ್ರಾನ್ಸಿಸ್ಟರ್‌ನಲ್ಲಿ ಬೀಟಾ 110 ಇದ್ದರೆ ಅವರಿಗೆ 105ರ ಹತ್ತಿರ ಬರುತ್ತೆ, ಅದೂ ಸರಿಯೇ. ಡೇಟಾಶೀಟಿನಲ್ಲೇ ಬಿಸಿ 547ರ ಬೀಟಾ 110ರಿಂದ 800ರವರೆಗೆ ಇದೆ.

ಇನ್ನೆರಡು ಎಚ್ಚರಿಕೆ. ಬೈಪಾಸ್ ಕೆಪಾಸಿಟರ್ ಮರೆತರೆ ಗೇನ್ ಮೂರರ ಹತ್ತಿರಕ್ಕೆ ಇಳಿಯುತ್ತೆ. ಇನ್ನು ಈ ಲೆಕ್ಕವೆಲ್ಲ ಬೇಸ್-ಎಮಿಟರ್ ಸಿಗ್ನಲ್ 26 ಮಿಲಿ ವೋಲ್ಟ್‌ಗಿಂತ ತುಂಬಾ ಚಿಕ್ಕದಿದ್ದಾಗ ಮಾತ್ರ. ಬೇಸ್‌ಗೆ 50 ಮಿಲಿ ವೋಲ್ಟ್ ಪೀಕ್ ಕೊಟ್ಟರೆ ಔಟ್‌ಪುಟ್ 8 ವೋಲ್ಟ್ ಪೀಕ್ ಆಗಬೇಕು, 12 ವೋಲ್ಟ್ ಸಪ್ಲೈನಲ್ಲಿ ಅದಕ್ಕೆ ಜಾಗ ಎಲ್ಲಿದೆ? ತುದಿ ಕತ್ತರಿಸಿದ ಸೈನ್ ವೇವ್ ಕಾಣುತ್ತೆ.

ಆದ್ದರಿಂದ ಮುಂದಿನ ಲ್ಯಾಬಿನಲ್ಲಿ ರೀಡಿಂಗ್ ತಿದ್ದೋದು ಬೇಡ. ಬಂದದ್ದನ್ನೇ ಬರೆದು, ವ್ಯತ್ಯಾಸ ಯಾಕೆ ಅಂತ ಒಂದು ಸಾಲು ಸೇರಿಸೋಣ. ವೈವಾದಲ್ಲಿ ಕೇಳಿದರೆ ಉತ್ತರ ಕೈಯಲ್ಲೇ ಇರುತ್ತೆ.