ಜೋಳದ ರೊಟ್ಟಿಗೆ ಬೇಳೆಯ ನೆರವು

ಇಂಡಿ ತಾಲೂಕಿನ ಲಚ್ಯಾಣದ ಸುತ್ತಣ ಸೀಮೆಯಲ್ಲಿ ಮುಂಗಾರಿಗೆ ತೊಗರಿಯನ್ನೂ ಹಿಂಗಾರಿಗೆ ಬಿಳಿಜೋಳ, ಕಡಲೆಗಳನ್ನೂ ಬೆಳೆಯುವರು. ಈ ಧಾನ್ಯಗಳು ಉಣ್ಣುವವರ ಶರೀರದಲ್ಲಿ ಒಂದಕ್ಕೊಂದು ನೆರವಾಗುವ ಬಗೆಯನ್ನು ಒಕ್ಕಲಿಗರು ಅರಿತಿರುವದು ಅವಶ್ಯ.

ಮಾಂಸ, ರಕ್ತ, ಚರ್ಮಗಳ ರಚನೆಗೆ ಸಸಾರಜನಕವು ಬೇಕು. ಇದು ಸುಮಾರು 20 ಬಗೆಯ ಅಮೈನೋ ಆಮ್ಲಗಳ ಸರಪಣಿ. ಅವುಗಳಲ್ಲಿ 9ನ್ನು ಶರೀರವು ತಾನಾಗಿ ನಿರ್ಮಿಸಲಾರದು, ಆಹಾರದಿಂದಲೇ ಪಡೆಯಬೇಕು. ಒಂದು ಕೊರತೆಯಾದರೂ ಉಳಿದವುಗಳು ಪೂರ್ಣವಾಗಿ ಉಪಯೋಗಕ್ಕೆ ಬಾರವು.

ಜೋಳದಲ್ಲಿ ಕೊರತೆಯಾದದ್ದು ಲೈಸಿನ್. 60 ಕಿಲೋ ತೂಕದ ದೊಡ್ಡವರಿಗೆ ಇದು ದಿನಕ್ಕೆ 1.8 ಗ್ರಾಂ ಬೇಕು. 400 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗಳಿಂದ ಸುಮಾರು 0.8 ಗ್ರಾಂ ಮಾತ್ರ ದೊರೆಯುವದು. ಅದರೊಡನೆ 80 ಗ್ರಾಂ ತೊಗರಿಬೇಳೆ ಕೂಡಿದರೆ ಕೊರತೆ ತುಂಬುವದು. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬುದನ್ನು ಜೋಳವು ಒದಗಿಸುವದು.

ಪೇಟೆಯಲ್ಲಿ ಅಮೈನೋ ಆಮ್ಲಗಳ ಪುಡಿ, ಗುಳಿಗೆಗಳು ದೊರೆಯುತ್ತವೆ. ರೊಟ್ಟಿ, ಬೇಳೆ, ಹಾಲುಗಳನ್ನು ಸಾಕಷ್ಟು ಉಣ್ಣುವ ಆರೋಗ್ಯವಂತರಿಗೆ ಇವು ಬೇಕಿಲ್ಲ. ಹೆಚ್ಚಾದುದನ್ನು ಶರೀರವು ಕೂಡಿಡುವದಿಲ್ಲ. ಅದರಲ್ಲಿಯ ಸಾರಜನಕವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸಲು ಮೂತ್ರಪಿಂಡಗಳು ಹೊರಹಾಕುವವು. ಮೂತ್ರಪಿಂಡದ ರೋಗವುಳ್ಳವರು ವೈದ್ಯರ ಸಲಹೆಯಿಲ್ಲದೆ ಇವನ್ನು ಸೇವಿಸಬಾರದು.

ತೊಗರಿಯನ್ನೆಲ್ಲ ಮಾರಿ ಬರಿ ರೊಟ್ಟಿ-ಖಾರದಿಂದ ದಿನ ಕಳೆಯುವ ಮನೆಯಲ್ಲಿ ಮೊದಲು ಸೊರಗುವವರು ಬೆಳೆಯುವ ಮಕ್ಕಳು. ಆದುದರಿಂದ ರಾಶಿಯಾದೊಡನೆ, ಐವರು ದೊಡ್ಡವರಿರುವ ಮನೆಗೆ ವರ್ಷಕ್ಕೆ ಸುಮಾರು ಒಂದೂವರೆ ಕ್ವಿಂಟಲ್ ಬೇಳೆಯಾಗುವಷ್ಟು ಕಾಳನ್ನು ತೆಗೆದಿರಿಸಿ, ಉಳಿದುದನ್ನು ಮಾರತಕ್ಕದ್ದು.