ಕೋವಿಯ ಮರಕ್ಕೆ ಯಾವ ಎಣ್ಣೆ?

ಕೊಡಗಿನಿಂದ ಓದುಗರೊಬ್ಬರು ಬರೆದಿದ್ದಾರೆ. ಅಜ್ಜನ ಕಾಲದ ಜೋಡಿನಳಿಗೆ ಕೋವಿ. ನಳಿಗೆ ಚೆನ್ನಾಗಿಯೇ ಇದೆ, ಮರದ ಬಟ್ಟು ಮಾತ್ರ ಮಂಕಾಗಿ ಹಳೆಯ ಪಾಲಿಶ್ ಹಕ್ಕಳೆ ಎದ್ದಿದೆ. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಪೂಜೆಗಿಡುವ ಮೊದಲು ಅದನ್ನು ಸರಿಮಾಡುವ ಆಸೆ. “ಅಮ್ಮ ತೆಂಗಿನೆಣ್ಣೆ ಸಾಕು ಅನ್ನುತ್ತಾರೆ, ಬಡಗಿ ಪಿಯು ಹೊಡೆಯೋಣ ಅನ್ನುತ್ತಾನೆ, ಮಗ ಅಗಸೆ ಎಣ್ಣೆಯೇ ಆಗಬೇಕು ಅಂತ ಹಟ ಹಿಡಿದಿದ್ದಾನೆ. ಯಾರ ಮಾತು ಕೇಳಲಿ?”

ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಹಾಗಾಗಿ ಇದು ಒಂದೇ ಮನೆಯ ಪ್ರಶ್ನೆಯಾಗಿರಲಾರದು.

ಅಮ್ಮನ ಸಲಹೆಯನ್ನು ಮೊದಲು ವಿಚಾರಿಸೋಣ. ತೆಂಗಿನೆಣ್ಣೆ ಹಚ್ಚಿದ ದಿನ ಮರ ಮಿರಿಮಿರಿ ಮಿಂಚುತ್ತದೆ, ನಿಜ. ಆದರೆ ಅದು ಎಂದಿಗೂ ಒಣಗುವುದಿಲ್ಲ. ಧೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಾಗಲ್ಲ, ತೆಳ್ಳಗೆ ಹಚ್ಚಿಟ್ಟರೆ ಗಟ್ಟಿ ಪೊರೆಯಾಗುತ್ತದೆ. ಆರಿಹೋಗಿ ಗಟ್ಟಿಯಾಗುವುದಲ್ಲ ಅದು. ಒಣಗಿದ ಅಗಸೆ ಎಣ್ಣೆಯನ್ನು ತೂಗಿ ನೋಡಿದರೆ ತೂಕ ಹೆಚ್ಚಿರುತ್ತದೆ! ಗಾಳಿಯಲ್ಲಿರುವ ಆಮ್ಲಜನಕವನ್ನು ಅದು ನುಂಗಿರುತ್ತದೆ.

ಇದನ್ನು ಅಳೆದು ನೋಡಿದವರಲ್ಲಿ ಮೊದಲಿಗರು ಸ್ವಿಟ್ಜರ್ಲೆಂಡಿನ ಡಿ ಸೊಸ್ಯೂರ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವರು ಅಕ್ರೋಟಿನ ಎಣ್ಣೆಯ ತೆಳು ಪದರವೊಂದನ್ನು ಮುಚ್ಚಿದ ಗಾಳಿಯಲ್ಲಿಟ್ಟು ಕಾದರು. ಮೊದಲ ಎಂಟು ತಿಂಗಳಲ್ಲಿ ಎಣ್ಣೆ ಹೀರಿದ್ದು ತನ್ನ ಗಾತ್ರದ ಮೂರು ಪಟ್ಟು ಗಾಳಿ ಮಾತ್ರ. ಆಮೇಲಿನ ಹತ್ತೇ ದಿನಗಳಲ್ಲಿ ಅರವತ್ತು ಪಟ್ಟು! ಈ ವಿಚಿತ್ರಕ್ಕೆ ಪೂರ್ತಿ ಉತ್ತರ ಸಿಕ್ಕಿದ್ದು 1940ರ ದಶಕದಲ್ಲಿ, ಬ್ರಿಟನ್ನಿನ ರಬ್ಬರ್ ಸಂಶೋಧಕರಿಂದ. ರಬ್ಬರ್ ಯಾಕೆ ಹಳಸುತ್ತದೆ ಎಂದು ಹುಡುಕಲು ಹೊರಟವರು ಎಣ್ಣೆ ಒಣಗುವ ಗುಟ್ಟನ್ನೂ ಬಿಡಿಸಿದರು.

ಗಾಳಿಮಾತು ಊರಲ್ಲಿ ಹಬ್ಬುವ ರೀತಿಯೇ ಇದು. ಮೊದಲು ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಊದುತ್ತಾನೆ, ಅವನು ಮತ್ತೊಬ್ಬನಿಗೆ ದಾಟಿಸುತ್ತಾನೆ. ವಾರಗಟ್ಟಲೆ ಊರಿಗೆ ಸುದ್ದಿಯೇ ಇಲ್ಲ. ಎಣ್ಣೆಯ ಅಣುವಿಗೆ ಆಮ್ಲಜನಕ ಸೇರಿ ಪೆರಾಕ್ಸೈಡ್ ಆಗುವುದು ಈ ಹಂತ. ಪೆರಾಕ್ಸೈಡ್ ಒಡೆದಾಗ ಒಂದರ ಜಾಗದಲ್ಲಿ ಎರಡು ಚುರುಕು ತುಣುಕುಗಳು ಹುಟ್ಟುತ್ತವೆ, ಎಂದರೆ ಮಾತು ದಾಟಿಸುವವರು ಇಬ್ಬರಾದರು. ಇಬ್ಬರು ನಾಲ್ವರಾಗಿ, ನಾಲ್ವರು ಎಂಟಾಗಿ, ಒಂದು ಬೆಳಿಗ್ಗೆ ನೋಡಿದರೆ ಸಂತೆಯಲ್ಲೆಲ್ಲ ಅದೇ ಮಾತು. ಎಣ್ಣೆಯಲ್ಲಿ ಸಹಜವಾಗಿಯೇ ಇರುವ ವಿಟಮಿನ್ ಇ ‘ಹಾಗೆಲ್ಲ ಹೇಳಬೇಡಿ’ ಎಂದು ಗದರುವ ಹಿರಿಯನಂತೆ. ಅದು ಮುಗಿಯುವವರೆಗೆ ಮಾತು ಹಬ್ಬದು. ಪೇಂಟ್ ಅಂಗಡಿಯ ‘ಡಬಲ್ ಬಾಯ್ಲ್ಡ್’ ಅಗಸೆ ಎಣ್ಣೆಗೆ ಬೆರೆಸಿರುವ ಕೋಬಾಲ್ಟ್, ಮ್ಯಾಂಗನೀಸ್ ಲವಣಗಳೋ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಡಂಗುರ ಹೊಡೆಯುವವರು. ಅವು ಪೆರಾಕ್ಸೈಡನ್ನು ಬೇಗಬೇಗ ಒಡೆಯುತ್ತವೆ. ಅದಕ್ಕೇ ಹಸಿ ಎಣ್ಣೆ ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸ ಇದರಲ್ಲಿ ಒಂದೆರಡು ದಿನಕ್ಕೆ ಮುಗಿಯುತ್ತದೆ. ಈ ಚುರುಕು ತುಣುಕುಗಳು ಅಕ್ಕಪಕ್ಕದ ಅಣುಗಳನ್ನು ಬೆಸೆಯುತ್ತಾ ಹೋಗುತ್ತವೆ. ಹೀಗೆ ಒಂದಕ್ಕೊಂದು ಹೆಣೆದುಕೊಂಡ ಅಣುಗಳ ಬಲೆಯೇ ನಾವು ಕೈಯಲ್ಲಿ ಸವರುವ ಮೆರುಗು.

ಯಾವ ಎಣ್ಣೆ ಹೆಣೆದುಕೊಳ್ಳುತ್ತದೆ, ಯಾವುದು ಇಲ್ಲ ಎಂದು ತಿಳಿಯಲು 1884ರಲ್ಲಿ ಆಸ್ಟ್ರಿಯಾದ ಹ್ಯೂಬಲ್ ಕಂಡುಹಿಡಿದ ಪರೀಕ್ಷೆಯೊಂದು ನೆರವಾಗುತ್ತದೆ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂಬ ಲೆಕ್ಕ; ಹೆಚ್ಚು ಹಿಡಿದಷ್ಟೂ ಚೆನ್ನಾಗಿ ಹೆಣೆದುಕೊಳ್ಳುತ್ತದೆ. ತೆಂಗಿನೆಣ್ಣೆಗೆ ಹತ್ತರ ಆಸುಪಾಸು, ಕಡಲೆಕಾಯಿ ಎಣ್ಣೆಗೆ ತೊಂಬತ್ತರ ಹತ್ತಿರ, ಅಗಸೆಗೆ 170ರ ಮೇಲೆ. ಸೂರ್ಯಕಾಂತಿ ಎಣ್ಣೆ ನಡುವೆ ಬರುತ್ತದೆ. ಅಡುಗೆಮನೆಯಲ್ಲಿ ಅದರ ಬಾಟಲಿಯ ಕತ್ತಿಗೆ ಉಜ್ಜಿದರೂ ಹೋಗದ ಅಂಟು ಕಟ್ಟುವುದು ಇದೇ ಕಾರಣಕ್ಕೆ.

ಹಾಗಾದರೆ ಮಗನೇ ಗೆದ್ದನೇ? ಅರ್ಧ ಮಾತ್ರ. ಅಗಸೆ ಎಣ್ಣೆಯ ಭಕ್ತರು ‘ಅದು ಮರದೊಳಗೆ ಇಳಿದು ಒಳಗಿನಿಂದಲೇ ಕಾಪಾಡುತ್ತದೆ’ ಎನ್ನುತ್ತಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ 1980ರ ದಶಕದಲ್ಲಿ ಹತ್ತಾರು ಬಗೆಯ ಲೇಪಗಳನ್ನು ಮರಕ್ಕೆ ಹಚ್ಚಿ, ಶೇ. 90ರಷ್ಟು ತೇವವಿರುವ ಗಾಳಿಯಲ್ಲಿಟ್ಟು ಪರೀಕ್ಷಿಸಿತು. ಹದಿನಾಲ್ಕು ದಿನ ಕಳೆದ ಮೇಲೆ, ಮೂರು ಕೋಟ್ ಅಗಸೆ ಎಣ್ಣೆ ತೇವ ತಡೆದದ್ದು ಸೊನ್ನೆ. ಏನೂ ಹಚ್ಚದ ಮರಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ! ಕರಗಿದ ಮೇಣದಲ್ಲಿ ಅದ್ದಿದ ಮರ ಮಾತ್ರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಡೆದಿತ್ತು. ಕೊಡಗಿನ ಆಷಾಢದ ಗಾಳಿ ಆ ಪ್ರಯೋಗದ ಗಾಳಿಗಿಂತ ಒಣಗಿದ್ದೇನಲ್ಲ.

ಬಡಗಿಯ ಪಿಯು, ಅಂದರೆ ಪಾಲಿಯುರೆಥೇನ್, ತೇವ ತಡೆಯುವುದರಲ್ಲಿ ಎಣ್ಣೆಗಿಂತ ಎಷ್ಟೋ ಮೇಲು. ಆದರೆ ಕಾಫಿ ಗಿಡಗಳ ನಡುವೆ ಹೊತ್ತು ತಿರುಗುವ ಕೋವಿಗೆ ಗೀರು ತಪ್ಪಿದ್ದಲ್ಲ. ಪಿಯುಗೆ ಬಿದ್ದ ಗೀರನ್ನು ಕಾಣದಂತೆ ತೇಪೆ ಹಾಕುವುದು ಕಷ್ಟ, ಕೊನೆಗೆ ಪೂರ್ತಿ ಕೆರೆದು ಹೊಸದಾಗಿ ಹೊಡೆಯಬೇಕಾಗುತ್ತದೆ. ಅರಗಿನಿಂದ ಮಾಡುವ ಫ್ರೆಂಚ್ ಪಾಲಿಶ್ ನೋಡಲು ಅಂದ, ನೀರು ನಿಂತರೆ ಬೆಳ್ಳಗಾಗುತ್ತದೆ. ಕರಾವಳಿಯವರು ಮರಕ್ಕೆ ಗೆದ್ದಲು ಹತ್ತದಂತೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಕೆನ್ನೆಗೊತ್ತುವ ವಸ್ತುವಿಗೆ ಬೇಡವೇ ಬೇಡ, ಚರ್ಮ ಸುಟ್ಟೀತು.

ಲಂಡನ್ನಿನ ಹಳೆಯ ಕೋವಿ ಕುಶಲಿಗಳು ಅಗಸೆ ಎಣ್ಣೆಗೆ ಆಲ್ಕನೆಟ್ ಬೇರು ಹಾಕಿ ಕೆಂಪಾಗಿಸುತ್ತಿದ್ದರು. ನಮ್ಮ ಗ್ರಂಥಿಗೆ ಅಂಗಡಿಯ ರತನ್‌ಜೋತ್ ಅದೇ ಬಳಗದ್ದು, ಕಾಶ್ಮೀರಿ ರೋಗನ್ ಜೋಶ್‌ಗೆ ಬಣ್ಣ ಕೊಡುವುದೂ ಅದೇ. ಹಳೆಯ ಬಟ್ಟಿನ ಕೆಂಗಂದು ಬಣ್ಣ ಬೇಕೆಂದರೆ ಎಣ್ಣೆಯಲ್ಲಿ ಆ ಬೇರು ನೆನೆಹಾಕಿ ನೋಡಬಹುದು.

ನನ್ನ ತೀರ್ಪು ಇಷ್ಟು. ಹೊರಮೈಗೆ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ, ಅದರ ಮೇಲೆ ಮೇಣ. ಎಣ್ಣೆಯ ಹಿರಿಮೆ ಇರುವುದು ತೇವ ತಡೆಯುವುದರಲ್ಲಲ್ಲ, ಗೀರು ಬಿದ್ದಲ್ಲಿ ನಾಲ್ಕು ಹನಿ ಹಾಕಿ ಉಜ್ಜಿದರೆ ಸರಿಹೋಗುವುದರಲ್ಲಿ. ಇನ್ನು ಬಟ್ಟಿನ ತುದಿಯ ತಗಡಿನ ಹಿಂದೆ, ಲೋಹ ಕೂರುವ ಗುಂಡಿಯೊಳಗೆ ಮರದ ಎಳೆಗಳ ಕೊಯ್ದ ತುದಿಗಳಿರುತ್ತವೆ. ನೀರು ಒಳನುಗ್ಗುವುದು ಬಹುಮಟ್ಟಿಗೆ ಅಲ್ಲಿಂದಲೇ. ಕಣ್ಣಿಗೆ ಕಾಣದ ಆ ಜಾಗಕ್ಕೆ ಮಾತ್ರ ಬಡಗಿಯ ಪಿಯು ಎರಡು ಕೋಟ್ ಹೊಡೆಯಿರಿ.

ಕೆಲಸಕ್ಕೆ ಕೂರುವ ಮೊದಲು ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ, ಲೋಹದ ಭಾಗ ಬಿಚ್ಚಿಡಿ. ಮರ ಲೋಹಕ್ಕೆ ಸೇರುವಲ್ಲಿ ಕಪ್ಪಾಗಿ ಮೆತ್ತಗಾಗಿದ್ದರೆ ಅದು ವರ್ಷಗಟ್ಟಲೆ ಇಳಿದ ಕೋವಿ ಎಣ್ಣೆ. ಅದು ಒಣಗುವ ಜಾತಿಯಲ್ಲ, ಅದರ ಮೇಲೆ ಯಾವ ಪಾಲಿಶೂ ಕೂರದು. ಸೀಮೆಸುಣ್ಣದ ಪುಡಿಯನ್ನು ಟರ್ಪೆಂಟೈನಿನಲ್ಲಿ ಕಲಸಿ ಮೆತ್ತಿ ಒಣಗಲು ಬಿಟ್ಟರೆ ಪುಡಿ ಎಣ್ಣೆ ಹೀರಿ ಕಂದಾಗುತ್ತದೆ. ಬಣ್ಣ ಬಾರದವರೆಗೂ ಮತ್ತೆ ಮತ್ತೆ ಮಾಡಿ. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಹಬೆಗೆ ಜಜ್ಜಿದ ಎಳೆಗಳು ಉಬ್ಬಿ ಮೇಲೇಳುತ್ತವೆ. ಹಿಡಿಯ ಮೇಲಿನ ಗೆರೆಗಳ ಕೆತ್ತನೆಗೆ ಮರಳುಕಾಗದ ತಾಗಿಸಬೇಡಿ. ಬೆರಳಲ್ಲಿ ಎಣ್ಣೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ. ದಪ್ಪ ಕೋಟ್ ಅಂಟಂಟಾಗಿಯೇ ಉಳಿದುಬಿಡುತ್ತದೆ. ಇದನ್ನೆಲ್ಲ ಆಗಸ್ಟಿನಲ್ಲಿ ಶುರುಮಾಡಬೇಡಿ. ತಂಡಿಯಲ್ಲಿ ಎಣ್ಣೆ ಒಣಗದು, ಮಾರ್ಚ್‌ನಲ್ಲೇ ಮುಗಿಸಿ.

ಕೊನೆಯದಾಗಿ ಒರೆಸಿದ ಬಟ್ಟೆಯ ವಿಚಾರ. ಆಮ್ಲಜನಕ ನುಂಗುವಾಗ ಅಗಸೆ ಎಣ್ಣೆ ಬಿಸಿಯಾಗುತ್ತದೆ. ಮುದ್ದೆಯಾಗಿ ಬಿಸಾಡಿದ ಬಟ್ಟೆಯಲ್ಲಿ ಆ ಬಿಸಿಗೆ ಹೊರಹೋಗಲು ದಾರಿ ಇರದು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರುವರಿ 23ರಂದು ಫಿಲಡೆಲ್ಫಿಯಾದ 38 ಮಹಡಿಗಳ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಮರಕೆಲಸದವರು ಬಿಟ್ಟುಹೋದ ಇಂಥ ಬಟ್ಟೆಗಳಿಂದ. ಮೂವರು ಅಗ್ನಿಶಾಮಕರು ಸತ್ತರು. ದಯವಿಟ್ಟು ಬಟ್ಟೆಯನ್ನು ಮೂಲೆಗೆ ಎಸೆಯಬೇಡಿ. ಅಂಗಳದಲ್ಲಿ ಒಂದೊಂದಾಗಿ ಬಿಡಿಸಿ ಹರಡಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.