ಹಾಡಾಗಿ ಉಳಿದ ಹೆಸರು

ಕಾಲ್ಚೆಂಡಾಟದಲ್ಲಿ ಕೀರ್ತಿಯೆಲ್ಲ ಗೋಲು ಹೊಡೆದವನ ಪಾಲಿಗೆ. ಗೋಲಾಗದಂತೆ ತಡೆದವನ ಹೆಸರು ಆಟ ಮುಗಿದೊಡನೆ ಮರೆಯಾಗುವುದು ವಾಡಿಕೆ. ಈ ವಾಡಿಕೆಗೆ ಹೊರತಾದವರು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ರಕ್ಷಣಾ ಆಟಗಾರ ಕೋಲೊ ಟೂರೆ. 2017ರಲ್ಲಿ ಅವರು ಆಟಕ್ಕೆ ವಿದಾಯ ಹೇಳಿದರು. ಆದರೂ ಅಂತರಜಾಲದ ಅಭಿಮಾನಿಗಳು ಅವರನ್ನು ಬಿಟ್ಟುಕೊಟ್ಟಿಲ್ಲ.

ಈ ಜನಪ್ರಿಯತೆಗೆ ಮೊದಲ ಕಾರಣ ಒಂದು ಹಾಡು. ಕೋಲೊ ಮತ್ತು ಅವರ ತಮ್ಮ ಯಾಯಾ 2010ರಿಂದ 2013ರವರೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ತಂಡದಲ್ಲಿ ಜೊತೆಯಾಗಿದ್ದರು. ಹಳೆಯ ನೃತ್ಯಗೀತೆಯೊಂದರ ಧಾಟಿಗೆ ಅಭಿಮಾನಿಗಳು ಈ ಸಹೋದರರ ಹೆಸರುಗಳನ್ನು ಹೊಂದಿಸಿದರು. ಹಾಡಿನಲ್ಲಿ ಅರ್ಥವೇನೂ ಇಲ್ಲ. ಅಣ್ಣನ ಹೆಸರು, ತಮ್ಮನ ಹೆಸರು, ಮತ್ತೆ ಅದೇ ಆವೃತ್ತಿ. ಜನ ಅದನ್ನು ಹಾಡುತ್ತ ಕುಣಿಯುವ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದು, ಕಾಲ್ಚೆಂಡಾಟದ ಗಂಧವಿಲ್ಲದವರ ಬಾಯಲ್ಲಿಯೂ ಆ ಹೆಸರು ನಲಿಯಿತು.

ಎರಡನೆಯ ಕಾರಣ ಒಂದು ಕತೆ. ಆರ್ಸೆನಲ್ ತಂಡಕ್ಕೆ ಸೇರುವ ಮುನ್ನ ಕೋಲೊ ಪರೀಕ್ಷೆಗೆ ನಿಂತ ದಿನದ ಪ್ರಸಂಗವನ್ನು ಸಹ ಆಟಗಾರ ರೇ ಪಾರ್ಲರ್ ಬಣ್ಣಿಸಿದ್ದಾರೆ. ಉತ್ಸಾಹದ ಭರದಲ್ಲಿ ಆ ತರುಣರು ಮೊದಲು ತಂಡದ ತಾರೆ ತಿಯೆರಿ ಆನ್ರಿಯ ಕಾಲಿಗೆ ಬಿದ್ದರಂತೆ. ಬಳಿಕ ಡೆನಿಸ್ ಬರ್ಕ್ಯಾಂಪರ ಕಾಲಿಗೆ. ಕೊನೆಗೆ ಅಂಗಳದ ಬದಿಯಲ್ಲಿ ನಿಂತಿದ್ದ ತರಬೇತುದಾರ ಆರ್ಸೆನ್ ವೆಂಗರರನ್ನೂ ಬಿಡಲಿಲ್ಲವಂತೆ! ವೆಂಗರರು ಕೋಪಿಸಿಕೊಳ್ಳದೆ, 2002ರಲ್ಲಿ ಅವರನ್ನು ತಂಡಕ್ಕೆ ತೆಗೆದುಕೊಂಡರು. 2003-04ರಲ್ಲಿ ಆರ್ಸೆನಲ್ 38 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಾಗ, ರಕ್ಷಣೆಯ ನಡುಗಂಬದಂತೆ ನಿಂತವರಲ್ಲಿ ಕೋಲೊ ಒಬ್ಬರು.

ಆದರೆ ನಗಿಸುವ ಹೆಸರಿನ ಹಿಂದಿನ ಬದುಕೆಲ್ಲ ನಗುವಾಗಿರಲಿಲ್ಲ. 2012ರ ಆಫ್ರಿಕ ಕಪ್ ಅಂತಿಮ ಪಂದ್ಯದಲ್ಲಿ ಜಾಂಬಿಯದ ವಿರುದ್ಧ ಆಟ ಪೆನಾಲ್ಟಿಗೆ ಬಂದು ನಿಂತಿತು. ಕೋಲೊ ಹೊಡೆದ ಚೆಂಡನ್ನು ಎದುರಾಳಿ ಗೋಲಿ ತಡೆದನು. ಐವರಿ ಕೋಸ್ಟ್ 8-7ರಿಂದ ಸೋತಿತು.

2014ರಲ್ಲಿ ಬಂದುದು ಇನ್ನೂ ದೊಡ್ಡ ಪೆಟ್ಟು. ಸಹೋದರರಿಬ್ಬರೂ ವಿಶ್ವಕಪ್ಪಿಗಾಗಿ ಬ್ರೆಜಿಲಿನಲ್ಲಿದ್ದಾಗ, ಜೂನ್ 19ರಂದು, ಅವರ ತಮ್ಮ ಇಬ್ರಾಹಿಂ ಮ್ಯಾಂಚೆಸ್ಟರಿನಲ್ಲಿ ಅರ್ಬುದ ರೋಗದಿಂದ ತೀರಿಕೊಂಡರು. ಅವರೂ ಕಾಲ್ಚೆಂಡಿನ ಆಟಗಾರರೇ; ವಯಸ್ಸು ಕೇವಲ 28. ದುಃಖವನ್ನು ನುಂಗಿಕೊಂಡು ಅಣ್ಣಂದಿರಿಬ್ಬರೂ ತಂಡದೊಡನೆಯೇ ಉಳಿದರು.

ಮರುವರ್ಷ, 2015ರ ಫೆಬ್ರವರಿ 8ರಂದು, ಈಕ್ವಟೋರಿಯಲ್ ಗಿನಿಯ ಬಾಟ ನಗರದಲ್ಲಿ ಮತ್ತೆ ಆಫ್ರಿಕ ಕಪ್ಪಿನ ಅಂತಿಮ ಪಂದ್ಯ. ಈ ಬಾರಿ ಎದುರಾಳಿ ಘಾನ. ಮತ್ತೆ ಅದೇ ಪೆನಾಲ್ಟಿಯ ಅಗ್ನಿಪರೀಕ್ಷೆ. ಐವರಿ ಕೋಸ್ಟಿನ ಮೊದಲೆರಡು ಹೊಡೆತಗಳು ವ್ಯರ್ಥವಾದವು. ತಮ್ಮ ಸರದಿ ಬಂದಾಗ, ಮೂರು ವರ್ಷಗಳ ಹಿಂದೆ ಎಡವಿದ್ದ ಕೋಲೊ ಮುಂದೆ ನಡೆದರು. ಚೆಂಡು ಬಲೆ ಸೇರಿತು. ಯಾಯಾ ಸಹ ಗುರಿ ತಪ್ಪಲಿಲ್ಲ. 9-8ರ ಗೆಲುವಿನೊಡನೆ 1992ರ ಬಳಿಕ ಮೊದಲ ಬಾರಿಗೆ ಕಪ್ಪು ಆ ದೇಶಕ್ಕೆ ಮರಳಿತು.

ಅಭಿಮಾನಿಗಳ ಹಾಡಿನಲ್ಲಿ ಸಹೋದರರಿಬ್ಬರ ಹೆಸರಷ್ಟೇ ಇದೆ. ಮೂರನೆಯವರ ನೆನಪನ್ನು ಎದೆಯಲ್ಲಿರಿಸಿಕೊಂಡು ಆ ಇಬ್ಬರೂ ಆಡಿದರೆಂಬುದನ್ನು ಬಲ್ಲವರಿಗೆ, ಕೋಲೊ ಅವರ ಆ ತುಂಬುನಗೆ ಬರಿಯ ವಿನೋದವಾಗಿ ಕಾಣಿಸದು.